ಪಹಣಿಯ ಪ್ರಕಾರ ಅಜ್ಜ

ಪುಟ್ಟಪ್ಪ ಸತ್ತಾಗ ಅವನಿಗೆ ಇಬ್ಬರು ಅಪ್ಪಂದಿರಿದ್ದರು. ಒಬ್ಬ ಹುಟ್ಟಿಸಿದವನು, ಕೆಳಗಿನ ಕೇರಿಯ ಕೆಂಚಪ್ಪ. ಇನ್ನೊಬ್ಬ ಪಹಣಿಯಲ್ಲಿದ್ದವನು, ದೊಡ್ಡಮನೆಯ ವೀರಬಸಪ್ಪಗೌಡ. ಮೊದಲನೆಯ ಅಪ್ಪ ಅವನಿಗೆ ಮೈಕಟ್ಟು ಕೊಟ್ಟಿದ್ದ. ಎರಡನೆಯ ಅಪ್ಪ ಆ ಮೈಯನ್ನು ದುಡಿಸಿಕೊಂಡಿದ್ದ.

ಮಗಳು ಸಂಗೀತಳಿಗೆ ಈ ಎರಡನೆಯ ಅಜ್ಜನ ವಿಷಯ ಗೊತ್ತಾಗಿದ್ದು ಅಪ್ಪನನ್ನು ಮಣ್ಣು ಮಾಡಿದ ಮೇಲೆ. ಸತ್ತವರ ಹೆಸರಲ್ಲಿರುವ ಜಮೀನು ಬದುಕಿರುವವರ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ಅದಕ್ಕೆ ಅರ್ಜಿ ಕೊಟ್ಟು, ಶುಂಠಿ ಕೀಳುವ ಕೂಲಿ ಬಿಟ್ಟು, ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಳು. ಒಂದು ದಿನ ಶಿರಸ್ತೇದಾರ್ ಉಮಾಮಹೇಶ್ವರ ಅವಳನ್ನು ಒಳಗೆ ಕರೆದರು. ಸೊರಬದ ಆಚೆಯ ಕಡೆಯವರು. ಮಾತು ಮೆತ್ತಗೆ, ಕೆಲಸ ಇನ್ನೂ ಮೆತ್ತಗೆ.

"ನೋಡು ಮಾರಾಯ್ತಿ, ಮರಣಪತ್ರದಲ್ಲಿ ಪುಟ್ಟಪ್ಪ ಬಿನ್ ಕೆಂಚಪ್ಪ ಅಂತ ಇದೆ. ಪಹಣಿಯಲ್ಲಿ ಪುಟ್ಟಪ್ಪ ಬಿನ್ ವೀರಬಸಪ್ಪ ಅಂತ ಇದೆ. ಸತ್ತಿದ್ದು ಯಾರು ಅಂತ ನಮಗೆ ಗೊತ್ತಾಗ್ಬೇಕಲ್ದಾ?"

"ನಮ್ಮಪ್ಪ ಸತ್ತಿದ್ದು ಸಾರ್. ನಾನೇ ಮಣ್ಣು ಹಾಕೀನಿ."

"ಹಾಕಿದ್ದು ಸರಿ. ಯಾವ ಪುಟ್ಟಪ್ಪಂಗೆ ಹಾಕಿದ್ದು?"

ಉಮಾಮಹೇಶ್ವರ ಇನ್ನೊಂದು ಹಾಳೆ ಎತ್ತಿದರು.

"ಇದರ ಮೇಲೆ ಒಂದು ತಕರಾರೂ ಬಂದಿದೆ. ವೀರಬಸಪ್ಪನವರ ಮೊಮ್ಮಗ ಗುರುಪ್ರಕಾಶ್ ಕೊಟ್ಟಿದ್ದು. ಓದ್ತೇನೆ ಕೇಳು. ಮೃತ ಪುಟ್ಟಪ್ಪನು ನಮ್ಮ ಅಜ್ಜ ವೀರಬಸಪ್ಪನವರ ಕುಟುಂಬಕ್ಕೆ ಸೇರಿದವನಾಗಿದ್ದು, ಸದರಿ ಜಮೀನು ನಮ್ಮ ಮನೆತನದ ಆಸ್ತಿಯಾಗಿರುತ್ತದೆ. ಆದ್ದರಿಂದ ಅನ್ಯರ ಹೆಸರಿಗೆ ಖಾತೆ ಮಾಡಬಾರದಾಗಿ ವಿನಂತಿ."

"ಅನ್ಯರು ಅಂದ್ರೆ ಯಾರು ಸಾರ್?"

"ನೀನು."

ಅಪ್ಪ ಆ ಮನೆಯವನು. ಮಗಳು ಅನ್ಯಳು. ಸಂಗೀತಳಿಗೆ ಮೈ ಉರಿಯಿತು. ಆದರೂ ಕೇಳಿದಳು.

"ಈಗ ನಾನೇನ್ ಮಾಡ್ಬೇಕು?"

"ಒಂದೋ, ಇವನು ನಮ್ಮವನಲ್ಲ ಅಂತ ಅವರೇ ಬಂದು ಬರೆದುಕೊಡ್ಬೇಕು. ಇಲ್ಲಾಂದ್ರೆ ಅವರ ಮನೆ ವಂಶವೃಕ್ಷದಲ್ಲಿ ನಿನ್ನ ಹೆಸರು ಸೇರಿಸಿಕೊಂಡು ಬಾ."

ತಮ್ಮ ಮಾತಿಗೆ ತಾವೇ ನಕ್ಕರು. ಪಕ್ಕದ ಮೇಜಿನವನೂ ನಕ್ಕ. ಸಂಗೀತ ನಗಲಿಲ್ಲ. ಸರ್ಕಾರದವರು ಹೇಳಿದ ಮೇಲೆ ಮಾಡಿ ನೋಡಬೇಕಲ್ಲ ಎಂದುಕೊಂಡು ಎದ್ದಳು.

ಊರು ತೊಗರ್ಸಿಗೂ ಬಂದಳಿಕೆಗೂ ನಡುವೆ ಇದೆ. ಬಸ್ಸಿಳಿದು ಮನೆಗೆ ಬಂದಾಗ ಅವ್ವ ದುರ್ಗಮ್ಮ ಅಂಗಳದಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಬೇರೆಯವರ ಜೋಳ, ಇವಳ ಹೆಬ್ಬೆರಳು. ಹೆಬ್ಬೆರಳು ಒಡೆದು ಕಪ್ಪಾಗಿತ್ತು.

"ಅವ್ವಾ, ಪಾಣ್ಯಾಗೆ ಗೌಡನ ಹೆಸ್ರು ಹೆಂಗ್ ಬಂತೇ?"

ದುರ್ಗಮ್ಮನ ಕೈ ನಿಲ್ಲಲಿಲ್ಲ.

"ಆಗ ಸರ್ಕಾರ ಭೂಮಿ ಇಲ್ಲದೋರಿಗೆ ಭೂಮಿ ಕೊಡ್ತಿತ್ತು. ನಿಮ್ಮಪ್ಪ ದೊಡ್ಡಮನ್ಯಾಗೆ ಜೀತಕ್ಕಿದ್ದ. ಗೌಡ ಗಾಡ್ಯಾಗೆ ಕುಂತ, ಇವ್ನು ಹಿಂದೆ ನಡ್ಕಂಡ್ ಹೋದ. ಬರಿಯೋನು ಅಪ್ಪನ ಹೆಸ್ರೇನು ಅಂದ. ಇವ್ನು ಬಾಯಿ ತೆಗೆಯೋದ್ರಾಗೆ ಗೌಡನೇ ಹೇಳ್ದ, ನನ್ ಹೆಸ್ರೇ ಬರ್ಕಳಯ್ಯಾ ಅಂತ. ಆಳು ನಂದು, ಆಳಿನ ಹೆಸ್ರಿಗೆ ಬರೋ ಭೂಮಿನೂ ನಂದೇ ಇರ್ಲಿ ಅಂದ. ಇಬ್ರೂ ನಕ್ರಂತೆ."

"ಅಪ್ಪ ಏನಂದ?"

"ಏನಂತಾನೆ? ಗಾಡಿ ಹಿಂದೆ ನಡ್ಕಂಡ್ ವಾಪಸ್ ಬಂದ."

ಸಿಕ್ಕಿದ್ದು ಎರಡೆಕರೆ. ಹೆಸರಿಗೆ ಜಮೀನು, ನೋಡಿದರೆ ಬರೀ ಕಲ್ಲು. ಹಗಲೆಲ್ಲ ದೊಡ್ಡಮನೆಯ ಸಗಣಿ ಬಾಚಿ, ಗೊಬ್ಬರ ಹೊತ್ತು, ಗದ್ದೆ ಉತ್ತು, ಉಳಿದ ಹೊತ್ತಿನಲ್ಲಿ ಪುಟ್ಟಪ್ಪ ಕಲ್ಲು ಕಿತ್ತ. ಎರಡು ಬೆರಳಿನ ಉಗುರು ಹೋದವು, ಮತ್ತೆ ಬರಲಿಲ್ಲ. ಚೀಲ ಹೊತ್ತು ಹೊತ್ತು ಬಲಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಚಿಕ್ಕವಳಿದ್ದಾಗ ಸಂಗೀತ ಆ ಗಂಟು ಹಿಡಿದುಕೊಂಡೇ ಅಪ್ಪನ ಹೆಗಲ ಮೇಲೆ ಕೂರುತ್ತಿದ್ದಳು. ಬೆಳೆ ಬಂದರೆ ಸೀದಾ ಗೌಡನ ಕಣಜಕ್ಕೆ. ಗೌಡ ಸತ್ತ ಮೇಲೆ ಒಂದು ಸುಗ್ಗಿಯಲ್ಲಿ ಪುಟ್ಟಪ್ಪ ಚೀಲಗಳನ್ನು ದೊಡ್ಡಮನೆಯ ಕಡೆ ಹೊರಲಿಲ್ಲ. ತನ್ನ ಮನೆಯ ಕಡೆ ಹೊತ್ತ. ಯಾರೂ ಕೇಳಲಿಲ್ಲ. ಕಲ್ಲು ಜಮೀನಿಗೆ ಯಾರು ಜಗಳಕ್ಕೆ ಬರುತ್ತಾರೆ?

ಈಗ ಪಕ್ಕದಲ್ಲೇ ಅಗಲವಾದ ರಸ್ತೆ ಬಂದಿದೆ. ರಸ್ತೆ ಬಂದ ಮೇಲೆ ಎಲ್ಲರಿಗೂ ಅವರವರ ಅಜ್ಜ ನೆನಪಾಗುತ್ತಾನೆ. ಗುರುಪ್ರಕಾಶನಿಗೂ ನೆನಪಾದ. ಪುಟ್ಟಪ್ಪನ ಗುಂಡಿಯ ಮಣ್ಣು ಆರುವ ಮೊದಲೇ ಜಮೀನಿನ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆಸಿದ್ದ.

ಮರುದಿನ ಸಂಗೀತ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ದೊಡ್ಡಮನೆಗೆ ಹೋದಳು. ಕಾಲು ತಾನಾಗಿಯೇ ಕೊಟ್ಟಿಗೆಯ ಕಡೆ ತಿರುಗಿತು. ಅದು ಹಳೆಯ ಅಭ್ಯಾಸ. ಕಾಲಿಗೆ ಬೈದುಕೊಂಡು ವಾಪಸ್ ಬಂದು, ಮುಂಬಾಗಿಲ ಕಟ್ಟೆಯ ಮೆಟ್ಟಿಲ ಮೇಲೆ ನಿಂತಳು.

ಗುರುಪ್ರಕಾಶನ ತಾಯಿ ನೀಲಾಂಬಿಕ ಹೊರಗೆ ಬಂದರು. ಅವಳು ನಿಂತ ಜಾಗ ನೋಡಿ ಮುಖ ಸಣ್ಣಗೆ ಮಾಡಿದರು. ಆದರೆ ಸಾವಿನ ಮನೆಯವಳು, ಬೈಯುವಂತಿಲ್ಲ.

"ನಿಮ್ಮಪ್ಪ ಹೋಗಿದ್ದು ಕೇಳಿ ಬೇಜಾರಾತು ಬಿಡವ್ವ. ಒಳ್ಳೆ ಆಳು. ಕೊಟ್ಟಿಗೆ ಗೂಡಿನಾಗೆ ಅವನ ತಟ್ಟೆ ಹಂಗೇ ಐತಿ. ನೆನಪಿಗೆ ತಗೊಂಡ್ ಹೋಗು."

"ತಟ್ಟೆ ಆಮೇಲೆ ನೋಡಣ ಚಿಕ್ಕಮ್ಮ. ಮೊದ್ಲು ಒಳಗೆ ಬಾ ಅನ್ರಿ."

"ಯಾರೇ ನಿಂಗೆ ಚಿಕ್ಕಮ್ಮ?"

"ನೀವೇರಿ. ನಮ್ಮಪ್ಪ ಈ ಮನೆ ವೀರಬಸಪ್ಪನೋರ ಮಗ ಅಂತ ಪಾಣ್ಯಾಗೆ ಐತಿ. ಹೌದು, ನಮ್ಮ ಕುಟುಂಬದೋನೇ ಅಂತ ನಿಮ್ಮ ಮಗಾನೇ ಬರ್ಕೊಟ್ಟಾನೆ. ತೀರಿಹೋದ ನಿಮ್ಮ ಯಜಮಾನ್ರಿಗಿಂತ ವಯಸ್ಸಿನಾಗೆ ನಮ್ಮಪ್ಪ ದೊಡ್ಡೋನು. ಅಂದ್ರೆ ನೀವು ನಂಗೆ ಚಿಕ್ಕಮ್ಮ ಆಗ್ಬೇಕಲ್ರಿ. ಹಿರೇಮಗನ ತಟ್ಟೆ ಕೊಟ್ಟಿಗ್ಯಾಗೆ ಯಾಕಿತ್ತು ಅಂತ ಕೇಳ್ಕಂಡ್ ಹೋಗಾಕ್ ಬಂದೆ."

ನೀಲಾಂಬಿಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಗುರೂ, ಏ ಗುರೂ, ಬಾರೋ ಇಲ್ಲಿ!"

ಗುರುಪ್ರಕಾಶ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಬಂದ. ಶಿಕಾರಿಪುರದಲ್ಲಿ ಅವನ ಗೊಬ್ಬರದ ಅಂಗಡಿ ಇದೆ. ಸೊಸೈಟಿ ಚುನಾವಣೆಗೆ ಒಮ್ಮೆ ನಿಂತು ಸೋತಿದ್ದ, ಈಗ ಮತ್ತೆ ನಿಂತಿದ್ದ. ಅದಕ್ಕಾಗಿ ಎಲ್ಲರೊಡನೆಯೂ ನಗುತ್ತಾ ಮಾತಾಡುವ ವ್ರತ ಹಿಡಿದಿದ್ದ.

"ಏನವ್ವ ಸಂಗೀತ, ಏನ್ ಸಮಾಚಾರ?"

"ಚೆನ್ನಾಗಿದೀಯಾ ತಮ್ಮ?"

ವ್ರತ ಅಲ್ಲೇ ಮುರಿಯಿತು. "ಯಾರೇ ತಮ್ಮ? ನಾಲಿಗೆ ಉದ್ದ ಬಿಟ್ಟೀಯಾ?"

"ನಾನ್ ಬಿಟ್ಟಿಲ್ಲಪ್ಪ. ನಿಮ್ಮ ತಕರಾರು ಅರ್ಜಿ ಬಿಟ್ಟೈತಿ."

ಗುರುಪ್ರಕಾಶ್ ಬೀದಿಯ ಆಚೆ ಈಚೆ ನೋಡಿದ. ಎದುರು ಮನೆಯ ಜಗಲಿಯಲ್ಲಿ ಜನ ಇದ್ದರು. ದನಿ ಇಳಿಸಿದ.

"ನೋಡು, ಕೋರ್ಟು ಕಚೇರಿ ಅಂತ ಯಾಕೆ ಅಲೀತೀಯ? ಜಮೀನು ಬೇಡ ಅಂತ ಒಂದು ಸಹಿ ಹಾಕು, ಒಳಗಿಂದೊಳಗೆ ಮುಗಿಸಣ. ನಿಮ್ಮವ್ವನ ಕೈಗೆ ಏನಾರ ನೋಡಿ ಕೊಡ್ತೀನಿ. ನಾವೇನು ಬಿಟ್ಟಾಕ್ತೀವಾ? ನೀವೂ ನಮ್ಮ ಮನೆಯೋರೇ ಅಲ್ಲೇನು?"

"ಅದನ್ನೇ ಹೇಳಾಕ್ ಬಂದೀನಿ. ಮನೆಯೋರು ಅಂದ್ಮೇಲೆ ಎರಡೆಕರೆ ಯಾಕೆ? ನಿಮ್ಮ ಗದ್ದೆ, ತೋಟ, ಅಂಗಡಿ ಎಲ್ಲಾದ್ರಾಗೂ ಪಾಲು ಬರ್ತೈತಿ."

"ಸಹಿ ಹಾಕ್ತೀಯೋ ಇಲ್ಲೋ?"

"ಹಾಕಲ್ಲ."

"ಇಳಿಯೇ ಕಟ್ಟೆಯಿಂದ!"

ಸಂಗೀತ ಇಳಿಯಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದಳು. ಗುರುಪ್ರಕಾಶ್ ಒಂದು ಹೆಜ್ಜೆ ಹಿಂದೆ ಸರಿದ. ಅವಳಿಗೆ ನಗು ಬಂತು. ಒಂದು ಮೆಟ್ಟಿಲಿಗೆ ಇಷ್ಟು ಹೆದರುತ್ತಾರೆ ಅಂತ ಗೊತ್ತಿದ್ದರೆ ಎಂದೋ ಹತ್ತುತ್ತಿದ್ದಳು.

"ಶಿವಗಣಾರಾಧನೆ ಯಾವಾಗ ಇಟ್ಕಂಡೀರಿ?" ಎಂದು ಕೇಳಿದಳು.

"ಯಾರ್ದು?"

"ನಿಮ್ಮ ದೊಡ್ಡಪ್ಪಂದು."

ಗುರುಪ್ರಕಾಶನ ಬಾಯಿಂದ ಬಂದ ಬೈಗುಳ ಬೀದಿಯ ತುದಿಯವರೆಗೂ ಕೇಳಿಸಿತು. ಅವಳ ಜಾತಿಯಿಂದ ಶುರುವಾಗಿ ಅವಳ ಅವ್ವನಲ್ಲಿ ಮುಗಿಯಿತು. ಸಂಗೀತ ಪೂರ್ತಿ ಕೇಳಿಸಿಕೊಂಡಳು.

"ಮನೆ ಮಂದಿಗೆ ಹಿಂಗೆಲ್ಲ ಬೈಬಾರ್ದು. ತಟ್ಟೆ ಅಲ್ಲೇ ಇರ್ಲಿ ಚಿಕ್ಕಮ್ಮ. ಪಾಲು ಆಗೋ ದಿನ ಒಳಗಿನ ತಟ್ಟೆ ಇಸ್ಕಂತೀನಿ," ಎಂದು ಹೊರಟಳು.

ಸೀದಾ ಶಿಕಾರಿಪುರಕ್ಕೆ ಬಸ್ಸು ಹತ್ತಿದಳು. ಬಸ್ ನಿಲ್ದಾಣದ ಹತ್ತಿರ ಈಶ್ವರನ ಫ್ಲೆಕ್ಸ್ ಅಂಗಡಿ ಇತ್ತು. ಹೈಸ್ಕೂಲಿನಲ್ಲಿ ಒಂದೇ ತರಗತಿ. ಲೆಕ್ಕದ ಪೇಪರಿನಲ್ಲಿ ಅವಳದ್ದು ನೋಡಿ ಬರೆದು ಪಾಸಾದವನು. ಆ ಋಣ ಅವನ ಮೇಲಿತ್ತು.

"ಶ್ರದ್ಧಾಂಜಲಿ ಫ್ಲೆಕ್ಸ್ ಬೇಕು. ನಮ್ಮಪ್ಪಂದು. ಕೆಳಗೆ ದುಃಖತಪ್ತರು ಅಂತ ಗುರುಪ್ರಕಾಶಂದು ಫೋಟೋ ಹಾಕು."

ಈಶ್ವರ್ ವಿಷಯ ಪೂರ್ತಿ ಕೇಳಿದ. ಎದ್ದು ಹೋಗಿ ಶಟರ್ ಅರ್ಧ ಎಳೆದು ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಗುರಣ್ಣನ ಫೋಟೋಕ್ಕೇನ್ ಬರಾ? ಹಬ್ಬಕ್ಕೊಂದು ಫ್ಲೆಕ್ಸ್ ಹಾಕಿಸ್ತಾನೆ. ಕೈ ಮುಗ್ದಿದ್ದೈತಿ, ಕೈ ಬೀಸಿದ್ದೈತಿ, ಫೋನ್‌ನಾಗೆ ಮಾತಾಡೋದೈತಿ."

"ದುಃಖದ್ದು ಐತಾ?"

"ದುಃಖದ್ದು ಇಲ್ಲ. ಸೊಸೈಟಿ ಎಲೆಕ್ಷನ್ ಸೋತ ದಿನದ್ದು ಒಂದೈತಿ."

"ಅದೇ ಹಾಕು."

ಅಪ್ಪನ ಫೋಟೋ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದಂತೆ ಬೆಚ್ಚಿದ ಮುಖ. ಈಶ್ವರ್ ಅದನ್ನು ದೊಡ್ಡದು ಮಾಡಿ, ಹಿಂದೆ ಕೈಲಾಸ ಪರ್ವತ ಇಟ್ಟ.

"ಹಣೆಗೆ ವಿಭೂತಿ ಹಚ್ಲೇನು?"

"ಗೌಡ್ರ ಹಿರೇಮಗ ಅಲ್ವೇನೋ, ಹಚ್ಚು."

"ನಾಳೆ ಪೊಲೀಸ್ ಬಂದು ಇದೇನಯ್ಯಾ ಅಂದ್ರೆ?"

"ಹೆಸ್ರಿನ ಪಕ್ಕ ಸಣ್ಣಕ್ಷರದಾಗೆ ಪಹಣಿಯ ಪ್ರಕಾರ ಅಂತ ಹಾಕು. ಬೇಕಾದ್ರೆ ಪಾಣಿ ತಂದ್ ತೋರಿಸ್ತೀನಿ."

ಮಾರನೆಯ ಬೆಳಿಗ್ಗೆ ಊರಿನ ಬಸ್ ನಿಲ್ದಾಣದಲ್ಲಿ, ಗುರುಪ್ರಕಾಶನದೇ ಹಬ್ಬದ ಫ್ಲೆಕ್ಸಿನ ಪಕ್ಕದಲ್ಲಿ, ಪುಟ್ಟಪ್ಪ ಕೈಲಾಸದ ಮುಂದೆ ಬೆಚ್ಚಿ ನಿಂತಿದ್ದ.

*ಭಾವಪೂರ್ಣ ಶ್ರದ್ಧಾಂಜಲಿ. ದೊಡ್ಡಮನೆ ಲಿಂಗೈಕ್ಯ ವೀರಬಸಪ್ಪನವರ ಹಿರಿಯ ಪುತ್ರರಾದ ಶ್ರೀ ಪುಟ್ಟಪ್ಪನವರು (ಪಹಣಿಯ ಪ್ರಕಾರ). ದುಃಖತಪ್ತರು: ಪತ್ನಿ ದುರ್ಗಮ್ಮ, ಮಗಳು ಸಂಗೀತ, ತಮ್ಮನ ಪತ್ನಿ ನೀಲಾಂಬಿಕ, ತಮ್ಮನ ಮಗ ಗುರುಪ್ರಕಾಶ್.*

ಬದುಕಿದ್ದಾಗ ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪುಟ್ಟಪ್ಪ ಒಮ್ಮೆಯೂ ಕೂತಿರಲಿಲ್ಲ. ಬಸ್ಸು ಬರುವವರೆಗೆ ಬೆಂಚಿನ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ಈಗ ಬೆಂಚಿನ ಮೇಲೆ ಕೂತವರೆಲ್ಲ ತಲೆ ಎತ್ತಿ ಅವನನ್ನು ನೋಡಬೇಕಾಯಿತು.

ಯಾರೋ ಅದರ ಫೋಟೋ ಹೊಡೆದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಎದುರಾಳಿ ಗುಂಪಿನವರು ಮೊದಲು ಓಂ ಶಾಂತಿ ಹಾಕಿದರು. ಉಳಿದವರು ಓದದೆಯೇ ಓಂ ಶಾಂತಿ ಹಾಕಿದರು. ತೊಗರ್ಸಿಯ ಮುದುಕರೊಬ್ಬರು ಹಾರ ಹಿಡಿದು ದೊಡ್ಡಮನೆಗೇ ಬಂದು, ವೀರಬಸಪ್ಪನಿಗೆ ಇನ್ನೊಬ್ಬ ಮಗ ಇದ್ದದ್ದು ತಮಗೆ ಮೊದಲೇ ಅನುಮಾನವಿತ್ತು ಎಂದು ನೀಲಾಂಬಿಕರಿಗೆ ಸಮಾಧಾನ ಹೇಳಿದರು. ಗುರುಪ್ರಕಾಶನ ತಂಗಿ ರಕ್ಷಿತಾಳನ್ನು ನೋಡಲು ಆ ವಾರ ಸೊರಬದಿಂದ ಗಂಡಿನ ಕಡೆಯವರು ಬರಬೇಕಿತ್ತು. ಅವರಿಂದ ಫೋನ್ ಬಂತು. "ದೊಡ್ಡಪ್ಪ ಹೋಗ್ಬಿಟ್ರಂತೆ, ನಮಗೊಂದು ಮಾತು ಹೇಳ್ಳಿಲ್ವಲ್ರೀ. ಪಾಪ, ಏನಾಗಿತ್ತು?"

ಗುರುಪ್ರಕಾಶ್ ಫ್ಲೆಕ್ಸ್ ಹರಿಯಲು ಹೊರಟ. ವಕೀಲರು ಫೋನಿನಲ್ಲೇ ತಡೆದರು. ಕೆಳಗಿನ ಕೇರಿಯವನ ಶ್ರದ್ಧಾಂಜಲಿ ಫ್ಲೆಕ್ಸು, ಅದೂ ಹಾಡಹಗಲಲ್ಲಿ, ಅದೂ ಚುನಾವಣೆ ಹತ್ತಿರ ಇರುವಾಗ! ದೌರ್ಜನ್ಯದ ಕೇಸು ಬಿದ್ದರೆ ಜಾಮೀನೂ ಸಿಗುವುದಿಲ್ಲ ಎಂದರು. ಫ್ಲೆಕ್ಸ್ ಕಟ್ಟಿದ್ದ ಕಂಬದ ಹತ್ತಿರ ಹೋದವನು ಕಂಬವನ್ನು ನೋಡಿ ವಾಪಸ್ ಬಂದ.

ಸಂಜೆ ಕೆಳಗಿನ ಕೇರಿಗೆ ಬಂದ. ಚುನಾವಣೆ ಇಲ್ಲದ ದಿನ ಬಂದವನಲ್ಲ. ನಲ್ಲಿಯ ಹತ್ತಿರ ನಿಂತು ಕೂಗಿದ. ಸಂಗೀತ ಕೊಡ ಹಿಡಿದುಕೊಂಡೇ ಬಂದಳು.

"ಏನ್ ಬೇಕೇ ನಿಂಗೆ?"

"ವಂಶವೃಕ್ಷ."

"ಹುಚ್ಚು ಹಿಡಿದೈತೇನು? ಅದು ಹೆಂಗಾಗ್ತೈತಿ?"

"ಆಗಲ್ಲ ಅಂದ್ರೆ ಕಚೇರಿಗೆ ಬಂದು, ಈ ಪುಟ್ಟಪ್ಪ ನಮ್ಮೋನಲ್ಲ, ತಕರಾರು ವಾಪಸ್ ತಗಂತೀನಿ ಅಂತ ಬರಿ. ತಂತಿ ಬಿಚ್ಚಿಸು. ಅವತ್ತೇ ಫ್ಲೆಕ್ಸ್ ಇಳಿಸ್ತೀನಿ. ಇಲ್ದಿದ್ರೆ ಮುಂದಿನ ವಾರ ತಿಂಗಳ ಪುಣ್ಯಸ್ಮರಣೆ ಫ್ಲೆಕ್ಸ್ ಬರ್ತೈತಿ. ಅದು ಇನ್ನೂ ದೊಡ್ಡದು. ನಿಮ್ಮ ಅಂಗಡಿ ಎದುರಿಗೇ."

ಸೋಮವಾರ ಇಬ್ಬರೂ ಉಮಾಮಹೇಶ್ವರರ ಮೇಜಿನ ಮುಂದಿದ್ದರು. ಕುರ್ಚಿ ಒಂದೇ ಇತ್ತು. ಗುರುಪ್ರಕಾಶ್ ಕೂರುವ ಮೊದಲೇ ಸಂಗೀತ ಕೂತಳು. ಅವನು ನಿಂತೇ ಬಗ್ಗಿ, ಮೇಜಿನ ಅಂಚಿನ ಮೇಲೆ ಹಾಳೆ ಇಟ್ಟು ಬರೆದುಕೊಟ್ಟ. ಉಮಾಮಹೇಶ್ವರ ಗಟ್ಟಿಯಾಗಿ ಓದಿದರು.

"ಮೃತ ಪುಟ್ಟಪ್ಪನಿಗೂ ನಮ್ಮ ಕುಟುಂಬಕ್ಕೂ ಯಾವುದೇ ರಕ್ತಸಂಬಂಧ ಇರುವುದಿಲ್ಲ. ತಕರಾರನ್ನು ವಾಪಸು ಪಡೆದಿರುತ್ತೇನೆ. ಸರಿ. ಹಾಗಾದ್ರೆ ನಿಮ್ಮ ಅಜ್ಜನ ಹೆಸರು ಇಲ್ಲಿ ಹೇಗೆ ಬಂತು? ತಿದ್ದಬೇಕಾದ್ರೆ ಕಾರಣ ಬೇಕು."

"ಏನೋ ತಪ್ಪಿ ಬಂದಿರ್ಬೇಕು ಸಾರ್."

"ತಪ್ಪಿ ಬರ್ಲಿಕ್ಕೆ ಅದೇನು ನೊಣವಾ? ಇದು ಪರಿಶಿಷ್ಟರಿಗೆ ಅಂತ ಮಂಜೂರಾದ ಜಮೀನು. ಅಪ್ಪನ ಜಾಗದಲ್ಲಿ ನಿಮ್ಮ ಅಜ್ಜ ಇದ್ದಾರೆ. ನಾಳೆ ಮೇಲಿನವರು ನಿಮ್ಮ ಮನೆಯವರ ಜಾತಿ ಯಾವುದು ಅಂತ ಕೇಳಿದ್ರೆ ನಾನು ಏನು ಹೇಳ್ಲಿ?"

ಕಿಟಕಿಯ ಆಚೆ ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಗುರುಪ್ರಕಾಶ್ ಮೇಜಿನ ಕಡೆ ಇನ್ನಷ್ಟು ಬಗ್ಗಿದ.

"ನಮ್ಮನೆ ಕೆಲಸಕ್ಕಿದ್ದ ಸಾರ್. ಅದ್ಕೇ ಹೆಸ್ರು ಬಂದೈತಿ."

"ಸಂಬಳಕ್ಕೇನು?" ಎಂದು ಸಂಗೀತ ಕೇಳಿದಳು.

"ಊಟ ಹಾಕ್ತಿದ್ರು. ವರ್ಷಕ್ಕೊಂದು ಪಂಚೆ, ಕಂಬಳಿ ಕೊಡ್ತಿದ್ರು."

"ಅದಕ್ಕೆ ಕೆಲಸ ಅನ್ನಲ್ಲ. ಜೀತ ಅಂತಾರೆ. ಹಂಗೇ ಬರಿ."

"ಅದನ್ನ ಬರಿಯಲ್ಲ. ಕೆಲಸಕ್ಕಿದ್ದ ಅಂತ ಬರೀತೀನಿ, ಸಾಕು."

"ಸಾಕಾಗಲ್ಲ." ಸಂಗೀತ ಮೇಜಿನ ಮೇಲಿದ್ದ ಹಾಳೆಯನ್ನು ಎರಡು ಬೆರಳಲ್ಲಿ ಅವನ ಕಡೆ ತಳ್ಳಿದಳು. "ಹೆಂಡ್ತಿ ಹೆರಿಗೆ ದಿನಾನೂ ನಿಮ್ಮನೆ ಗೊಬ್ಬರ ಹೊತ್ತಾನೆ. ಜ್ವರ ಬಂದ್ರೆ ಕೊಟ್ಟಿಗ್ಯಾಗೇ ಮಲಗಿದ್ದಾನೆ. ಅವನೇ ಕಲ್ಲು ಕಿತ್ತು ಮಾಡಿದ ಹೊಲದ ಬೆಳೆನ ಅವನ ಭುಜದ ಮೇಲೇ ನಿಮ್ಮ ಕಣಜಕ್ಕೆ ಹೊರಿಸ್ಯಾರೆ. ದೊಡ್ಡಪ್ಪ ಅಂತ ಬರಿ, ಇಲ್ಲಾ ಜೀತದಾಳು ಅಂತ ಬರಿ. ನಂಗೆ ಯಾವುದಾದ್ರೂ ನಡೀತೈತಿ. ದೊಡ್ಡಪ್ಪ ಅಂತ ಬರೆದ್ರೆ ಲಾಭನೂ ಜಾಸ್ತಿ."

ಗುರುಪ್ರಕಾಶ್ ಉಮಾಮಹೇಶ್ವರರ ಮುಖ ನೋಡಿದ. ಅವರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ಆ ಕನ್ನಡಕದಲ್ಲಿ ಅಷ್ಟು ಕೊಳೆ ಇರಲಿಲ್ಲ. ಕಿಟಕಿಯ ಹೊರಗಿನ ಸಾಲು ಸಾಲಾಗಿ ಉಳಿದಿರಲಿಲ್ಲ. ತಲೆಗಳೆಲ್ಲ ಸರಳುಗಳ ನಡುವೆ ಬಂದಿದ್ದವು. ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದ. ಸೊರಬದ ಗಂಡಿನ ಕಡೆಯವರು. ಎತ್ತಲಿಲ್ಲ.

ಪೆನ್ನು ಹಿಡಿದ. ಬರೆದ. ಹಾಳೆಯನ್ನು ಮಗುಚಿ ಇಟ್ಟ.

ಉಮಾಮಹೇಶ್ವರ ತಿರುಗಿಸಿ ಓದಿದರು. "ಸದರಿ ಪುಟ್ಟಪ್ಪನು ನಮ್ಮ ಮನೆಯಲ್ಲಿ ಜೀತಕ್ಕಿದ್ದು, ನಮ್ಮ ಅಜ್ಜನವರು ತಮ್ಮ ಹೆಸರನ್ನು ಅವನ ತಂದೆಯ ಹೆಸರಿನ ಜಾಗದಲ್ಲಿ ಬರೆಸಿರುತ್ತಾರೆ."

"ಇನ್ನೊಂದ್ ಸಲ ಓದ್ರಿ ಸಾರ್," ಎಂದಳು ಸಂಗೀತ.

"ಕೇಳಿಸ್ಲಿಲ್ವಾ?"

"ನಂಗೆ ಕೇಳಿಸ್ತು. ಹಿಂದೆ ನಿಂತೋರಿಗೆ ಕೇಳಿಸಿಲ್ಲ."

ಅವರು ಇನ್ನೊಮ್ಮೆ ಓದಿದರು. ಈ ಸಲ ದನಿ ಸ್ವಲ್ಪ ಎತ್ತರಿಸಿದ್ದರು. ಗುರುಪ್ರಕಾಶ್ ಓದು ಮುಗಿಯುವ ಮೊದಲೇ ಹೊರಟುಹೋದ. ಇನ್ನೂ ಮಹಜರು ಆಗಬೇಕು, ತಹಶೀಲ್ದಾರರ ಆದೇಶ ಆಗಬೇಕು, ಸುಮ್ಮನೆ ಕುಣಿಯಬೇಡ ಎಂದು ಉಮಾಮಹೇಶ್ವರ ಹೇಳಿದರು. ಆದರೆ ಹಾಳೆಯನ್ನು ಕಡತಕ್ಕೆ ಸೇರಿಸಿ, ದಾರ ಕಟ್ಟಿ, ಗಂಟನ್ನು ಎಳೆದು ಬಿಗಿ ಮಾಡಿದರು. ಅವಳ ಅಜ್ಜನ ಹೆಸರು ಕೇಳಿದರು. "ಕೆಂಚಪ್ಪ," ಎಂದಳು ಸಂಗೀತ. ಇಂಥ ಕಚೇರಿ ಒಂದರಲ್ಲಿ ಆ ಹೆಸರನ್ನು ಹೇಳಲು ಕೆಂಚಪ್ಪನ ಮಗನಿಗೆ ಆಗಿರಲಿಲ್ಲ. ಮೊಮ್ಮಗಳು ಹೇಳಿದಳು.

ಹೊರಗೆ ಬಂದಾಗ ಸಾಲಿನಿಂದ ಒಬ್ಬ ಮುದುಕ ಅವಳ ಹಿಂದೆಯೇ ಬಂದ. ಬಂದಳಿಕೆ ಕಡೆಯವನು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿ ಮಡಚಿ ಹರಿದ ಪಹಣಿ. ಅವನ ಹಿಂದೆ ಒಬ್ಬ ಹೆಂಗಸು, ಅವಳ ಹಿಂದೆ ಇನ್ನೊಬ್ಬ.

"ತಂಗೀ, ನಮ್ಮಪ್ಪನ ಪಾಣ್ಯಾಗೂ ಹಿಂಗೇ ಯಾರ್ದೋ ಹೆಸ್ರೈತಿ. ಆ ಫ್ಲೆಕ್ಸ್ ಮಾಡೋ ಹುಡುಗ ಎಲ್ಲಿರ್ತಾನೆ?"

"ಬಸ್ ಸ್ಟ್ಯಾಂಡ್ ಹತ್ರ ಅಜ್ಜ. ಬರ್ರಿ, ತೋರಿಸ್ತೀನಿ. ನಿಮ್ಮಪ್ಪಂದು ಫೋಟೋ ಐತಾ?"

ಮುದುಕ ತಲೆ ಅಲ್ಲಾಡಿಸಿದ. "ಎಲ್ಲಿ ಬರ್ಬೇಕವ್ವಾ? ಜೀತದೋನಿಗೆ ಯಾರು ಫೋಟೋ ತೆಗೀತಾರೆ?"

"ಗೌಡಂದು ಐತಾ?"

"ಅವಂದು ಐತಿ. ಮೊಮ್ಮಗಂದೂ ಐತಿ. ಊರ ತುಂಬಾ ಐತಿ."

"ಹಂಗಾದ್ರೆ ಅದೇ ಸಾಕು, ನಡೀರಿ," ಎಂದಳು ಸಂಗೀತ.